ಎಚ್‌ಐವಿ ಬಗ್ಗೆ ಮಕ್ಕಳಿಗೆ ಹೇಳಲು ಒಂದು ಆಟ ಮಾಡಿದ್ದೇನೆ, ಎಲ್ಲಿ ಎಡವಿದ್ದೇನೆ ಹೇಳಿ

ಮೂಡಿಗೆರೆ ಮೇಷ್ಟ್ರು
ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹತ್ತನೇ ಕ್ಲಾಸಿನಲ್ಲಿ ಸಂತಾನೋತ್ಪತ್ತಿಯ ಪಾಠ ಬರುತ್ತದಲ್ಲ, ಅದರಲ್ಲಿ ಎಚ್‌ಐವಿ, ಏಡ್ಸ್ ಬಗ್ಗೆ ಒಂದೆರಡು ಸಾಲು ಇದೆ. ನಾನು ಓದುವಾಗ ನಮ್ಮ ಮೇಷ್ಟ್ರು "ಇದನ್ನ ಮನೇಲಿ ಓದಿಕೊಳ್ಳಿ" ಅಂತ ಪುಟ ತಿರುಗಿಸಿದ್ದರು. ನಾನೂ ಮೊದಲ ಮೂರು ವರ್ಷ ಅದನ್ನೇ ಮಾಡಿದೆ. ಸುಳ್ಳು ಯಾಕೆ ಹೇಳಲಿ.

ಆಮೇಲೆ ಕ್ಲಾಸಿನ ಮೂಲೆಯಲ್ಲಿ ಒಂದು ಬಿಸ್ಕೆಟ್ ಡಬ್ಬ ಇಟ್ಟೆ. ಮುಚ್ಚಳದಲ್ಲಿ ಸೀಳು. ಹೆಸರು ಬರೆಯದೆ ಏನು ಬೇಕಾದರೂ ಕೇಳಿ ಅಂದೆ. ಮೊದಲ ವಾರ ಬಂದದ್ದು ಎರಡೇ ಚೀಟಿ, ಒಂದು ನನ್ನ ಮೀಸೆಯ ಬಗ್ಗೆ. ಮೂರನೇ ವಾರಕ್ಕೆ ಡಬ್ಬ ತುಂಬಿತು. "ಸೊಳ್ಳೆ ಕಚ್ಚಿದರೆ ಏಡ್ಸ್ ಬರುತ್ತಾ?" "ಕಟಿಂಗ್ ಶಾಪಿನ ಬ್ಲೇಡಿಂದ ಬರುತ್ತಾ?" "ಜಾತ್ರೇಲಿ ನಮ್ಮಣ್ಣ ಹಚ್ಚೆ ಹಾಕಿಸಿಕೊಂಡ, ಅವನಿಗೆ ಬಂದಿರುತ್ತಾ?" ಒಂದರಲ್ಲಿ "ಕಾಂಡಮ್ ಅಂದ್ರೆ ಏನು ಸಾರ್, ಬೈಬೇಡಿ" ಅಂತಷ್ಟೇ ಇತ್ತು.

ಇದಕ್ಕೆಲ್ಲ ಬೋರ್ಡ್ ಮುಂದೆ ನಿಂತು ಉತ್ತರ ಹೇಳುವ ಧೈರ್ಯ ನನಗೆ ಸಾಲಲಿಲ್ಲ. ಆಟ ಮಾಡೋಣ ಅಂದುಕೊಂಡೆ. ದಸರಾ ರಜೆಯಲ್ಲಿ ಕೂತು ಪವರ್‌ಪಾಯಿಂಟಿನಲ್ಲಿ ಹಾವು ಏಣಿ ಮಾಡಿದೆ. ಒಳ್ಳೆ ಅಭ್ಯಾಸಕ್ಕೆ ಏಣಿ, ಕೆಟ್ಟದ್ದಕ್ಕೆ ಹಾವು. ತೊಂಬತ್ತೊಂದನೇ ಮನೆಯಲ್ಲಿ ಎಚ್‌ಐವಿ. ಅಲ್ಲಿ ಕಾಯಿ ಬಿದ್ದರೆ ಪರದೆ ಕಪ್ಪಾಗಿ, ಬುರುಡೆ ಬಂದು, "ಆಟ ಮುಗಿಯಿತು" ಅಂತ ಬರುತ್ತದೆ. ಶಾಲೆಯ ಎರಡು ಲ್ಯಾಪ್‌ಟಾಪಿನಲ್ಲಿ ಒಂಬತ್ತನೇ ಕ್ಲಾಸಿನವರಿಗೆ ಆಡಿಸಿದೆ. ಬೆಂಚು ಬಡಿದು ಕುಣಿದರು. ಪ್ರಶ್ನೆ ಕೇಳಿದರೆ ಉತ್ತರವೂ ಚೆನ್ನಾಗೇ ಬಂತು.

ಆದರೆ ಕಪ್ಪು ಪರದೆ ಬಂದ ಒಬ್ಬಳು ಹುಡುಗಿ ನನ್ನ ಮುಖ ನೋಡಿ, "ಸಾರ್, ನಾನೇನು ತಪ್ಪು ಮಾಡಿದೆ? ಮೂರು ಬಿತ್ತು, ಅಷ್ಟೇ ಅಲ್ವಾ?" ಅಂದಳು. ನನಗೆ ಉತ್ತರ ತೋಚಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಾಸನದ ಕೋಡ್ ಹುಡುಗ
ಭಾನುವಾರ, ರಾತ್ರಿ 10.15

ಸರ್, ಆ ಹುಡುಗಿ ನಿಮ್ಮ ಆಟದ ಬುಡಕ್ಕೇ ಕೈ ಹಾಕಿದ್ದಾಳೆ.

ಹಾವು ಏಣಿಯಲ್ಲಿ ಆಡುವವರ ಕೈಯಲ್ಲಿ ಏನೂ ಇಲ್ಲ. ದಾಳ ಹೇಳಿದಷ್ಟು ಕಾಯಿ ಹೋಗುತ್ತದೆ. ನೀವು ಬಾಯಲ್ಲಿ "ಎಚ್‌ಐವಿ ತಡೆಯಬಹುದು" ಅನ್ನುತ್ತೀರಿ, ಆಟ "ಹಣೆಬರಹ" ಅನ್ನುತ್ತಿದೆ. ಮಕ್ಕಳು ಆಟದ ಮಾತನ್ನೇ ನಂಬುತ್ತಾರೆ. ಅದಕ್ಕಿಂತ ನಮ್ಮ ಅಜ್ಜಿ ಜಗಲಿಯಲ್ಲಿ ಆಡಿಸುತ್ತಿದ್ದ ಚೌಕಾಬಾರವೇ ವಾಸಿ. ಕವಡೆ ಬಿದ್ದ ಮೇಲೂ ಯಾವ ಕಾಯಿ ನಡೆಸಬೇಕು, ಅಡ್ಡಗೀಟಿನ ಮನೆಯಲ್ಲಿ ಕೂರಬೇಕಾ ಹೊರಗೆ ಬರಬೇಕಾ ಅಂತ ನಾವೇ ಯೋಚಿಸಬೇಕು.

ಇದೇನು ಹೊಸ ವಿಚಾರವೂ ಅಲ್ಲ. ದೆಹಲಿಯ ಝಡ್‌ಎಂಕ್ಯೂ ಕಂಪನಿಯವರು 2005ರ ಡಿಸೆಂಬರ್ 1ರಂದು, ಏಡ್ಸ್ ದಿನಕ್ಕೆ, ಮೊಬೈಲಿಗೆ ನಾಲ್ಕು ಆಟ ಬಿಟ್ಟಿದ್ದರು. ಒಂದರ ಹೆಸರು ಸೇಫ್ಟಿ ಕ್ರಿಕೆಟ್. ಆಗಿನ ಚಿಕ್ಕ ಪರದೆಯ ಕೀಪ್ಯಾಡ್ ಫೋನಿನಲ್ಲಿ! ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರದು ಪ್ಲೇಫಾರ್ವರ್ಡ್ ಅಂತ ಇದೆ. ಅದರಲ್ಲಿ ಮಗು ತನ್ನದೊಂದು ಪಾತ್ರ ಮಾಡಿಕೊಳ್ಳುತ್ತದೆ. ಪಾರ್ಟಿಗೆ ಹೋಗಬೇಕಾ, ಯಾರ ಜೊತೆ ಹೋಗಬೇಕು, ಒತ್ತಾಯ ಮಾಡಿದರೆ ಏನು ಹೇಳಬೇಕು ಅಂತ ಆರಿಸುತ್ತಾ ಹೋಗುತ್ತದೆ. ಆರಿಸಿದ್ದಕ್ಕೆ ತಕ್ಕ ಹಾಗೆ ಮುಂದಿನ ಬದುಕು ಕಾಣುತ್ತದೆ. ಬೇಕಾದರೆ ಹಿಂದಕ್ಕೆ ಹೋಗಿ ಬೇರೆ ದಾರಿ ಹಿಡಿದು ನೋಡಬಹುದು. ಆಟದ ಜೀವ ಇರುವುದೇ ಅಲ್ಲಿ.

ಕಡೂರು ಅಪ್ಪ
ಸೋಮವಾರ, ಬೆಳಗ್ಗೆ 6.50

ಬೇಜಾರು ಮಾಡಿಕೊಳ್ಳಬೇಡಿ ಮೇಷ್ಟ್ರೇ, ನನಗೆ ಇದು ಸರಿ ಕಾಣುತ್ತಿಲ್ಲ. ನನ್ನ ಮಗಳು ಎಂಟನೇ ಕ್ಲಾಸು. ಮನೆಯಲ್ಲಿ ಫೋನ್ ಕಿತ್ತುಕೊಂಡು ಬೀರುವಿನಲ್ಲಿ ಇಡುವುದೇ ಒಂದು ಕೆಲಸ. ಈಗ ಶಾಲೆಯವರೇ ಆಟ ಕೊಟ್ಟು, ಅದರಲ್ಲಿ ಕಾಂಡಮ್ ಗಿಂಡಮ್ ಅಂತ ತೋರಿಸಿದರೆ ಯಾರ ಹತ್ತಿರ ಹೇಳೋಣ? 2007ರಲ್ಲಿ ಸರ್ಕಾರವೇ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ ಅಂತ ನಿಲ್ಲಿಸಿತ್ತು. ಸುಮ್ಮನೆ ನಿಲ್ಲಿಸಿದ್ದರಾ?

ಇನ್ನೊಂದು. ಆಟ ಆಡಿದ ಮೇಲೆ ರಾತ್ರಿ ಹತ್ತು ಗಂಟೆಗೆ ಮಗುವಿಗೆ ಒಂದು ಅನುಮಾನ ಬಂತು ಅನ್ನಿ. ಯಾರನ್ನು ಕೇಳುತ್ತದೆ? ನಿಮ್ಮ ಲ್ಯಾಪ್‌ಟಾಪನ್ನಾ?

ಆಪ್ತ ಸಮಾಲೋಚಕಿ, ಹಾಸನ
ಸೋಮವಾರ, ಮಧ್ಯಾಹ್ನ 1.30

ಐಸಿಟಿಸಿಯಲ್ಲಿ, ಅಂದರೆ ಸರ್ಕಾರದ ಎಚ್‌ಐವಿ ಪರೀಕ್ಷೆ ಮತ್ತು ಸಲಹಾ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ, ಉದ್ದವಾದರೆ ಕ್ಷಮಿಸಿ.

ಕಡೂರಿನ ಸರ್, ನಿಮ್ಮ ಎರಡನೇ ಪ್ರಶ್ನೆ ತುಂಬಾ ಸರಿಯಾಗಿದೆ. ಆಟದ ಕೊನೆಯಲ್ಲಿ ಮನುಷ್ಯರು ಇರಲೇಬೇಕು. 1097 ಅಂತ ಉಚಿತ ಸಹಾಯವಾಣಿ ಇದೆ, ಹೆಸರು ಹೇಳಬೇಕಾಗಿಲ್ಲ. ಹದಿಹರೆಯದವರಿಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ಅದು ಎಷ್ಟು ಮಕ್ಕಳಿಗೆ ಗೊತ್ತು ಹೇಳಿ.

ಮೊದಲನೆಯದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. 2007ರಲ್ಲಿ ಪಾಠ ನಿಂತಿತು, ಮಕ್ಕಳ ಕುತೂಹಲ ನಿಲ್ಲಲಿಲ್ಲ. ಅವತ್ತು ಶಾಲೆಯಲ್ಲಿದ್ದವರು ಇವತ್ತು ಮೂವತ್ತು ದಾಟಿ ನನ್ನ ಮುಂದೆ ಕೂರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 15ರಿಂದ 49 ವಯಸ್ಸಿನವರಲ್ಲಿ ಎಚ್‌ಐವಿ ಬಗ್ಗೆ ಪೂರ್ತಿ ಸರಿಯಾದ ತಿಳಿವಳಿಕೆ ಇದ್ದದ್ದು ಹೆಂಗಸರಲ್ಲಿ ನೂರಕ್ಕೆ 21.6, ಗಂಡಸರಲ್ಲಿ 30.7. ಅಂದರೆ ಮಕ್ಕಳು ಮನೆಯಲ್ಲಿ ಕೇಳಿದರೆ ಉತ್ತರ ಹೇಳಬೇಕಾದವರಿಗೇ ಗೊತ್ತಿಲ್ಲ.

ಮೇಷ್ಟ್ರೇ, ಚೀಟಿಗಳಿಗೆ ಉತ್ತರ. ಸೊಳ್ಳೆಯಿಂದ ಬರುವುದಿಲ್ಲ, ಅದರ ಹೊಟ್ಟೆಯಲ್ಲಿ ಈ ವೈರಸ್ ಬದುಕಿ ಬೆಳೆಯುವುದಿಲ್ಲ. ಕಟಿಂಗ್ ಶಾಪಿನಿಂದ ಬರುವ ಸಂಭವ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಮೈಯಿಂದ ಹೊರಗೆ ಬಂದರೆ ವೈರಸ್ ಬೇಗ ಸಾಯುತ್ತದೆ. ಆದರೂ ಹೊಸ ಬ್ಲೇಡ್ ಕೇಳಿ, ಹೆಪಟೈಟಿಸ್ ಬಿ ಅಂತ ರಕ್ತದಿಂದ ಹರಡುವ ಬೇರೆ ಸೋಂಕುಗಳೂ ಇವೆ. ಜಾತ್ರೆಯ ಹಚ್ಚೆ ಬೇರೆ ಮಾತು. ಒಂದೇ ಸೂಜಿ ಹತ್ತು ಜನಕ್ಕೆ ಚುಚ್ಚಿದರೆ ಅಪಾಯ ಇದೆ. ಅಣ್ಣನನ್ನು ಹೆದರಿಸಬೇಡಿ, ಪರೀಕ್ಷೆ ಮಾಡಿಸಿಕೊಳ್ಳಲಿ. ಪರೀಕ್ಷೆ ಉಚಿತ, ಫಲಿತಾಂಶ ಗುಟ್ಟಾಗಿರುತ್ತದೆ.

ಆಟದಲ್ಲಿ "ಈಗಲೇ ಹೋಗಿ ಪರೀಕ್ಷೆ ಮಾಡಿಸು" ಅಂತ ಮಾತ್ರ ಹಾಕಬೇಡಿ. 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು. ಸುಮ್ಮನೆ ಬಂದು ಮಾತಾಡಲಿ ಅನ್ನಿ. ಅಪಾಯಕ್ಕೆ ಒಳಗಾದ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿ 28 ದಿನ ತಗೊಂಡರೆ ಸೋಂಕು ತಡೆಯಬಹುದು ಅನ್ನುವುದನ್ನು ಮಾತ್ರ ಮರೆಯದೆ ಹಾಕಿ. ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಒಂದು ವಾರ ಕಳೆದ ಮೇಲೆ ಬರುತ್ತಾರೆ.

ಎಂ.ಸಿ.ಇ. ಕ್ಯಾಂಟೀನ್
ಸೋಮವಾರ, ಸಂಜೆ 5.05

ಒಂದು ಮಜಾ ಗೊತ್ತಾ? ಫೋಲ್ಡಿಟ್ ಅನ್ನೋ ಆಟ ಆಡೋರು 2011ರಲ್ಲಿ, ಕೋತಿಗಳಿಗೆ ಏಡ್ಸ್ ತರೋ ಒಂದು ವೈರಸ್ಸಿನ ಪ್ರೋಟೀನ್ ಆಕಾರವನ್ನ ಮೂರೇ ವಾರದಲ್ಲಿ ಬಿಡಿಸಿದರು. ವಿಜ್ಞಾನಿಗಳು ಹತ್ತು ವರ್ಷದಿಂದ ಒದ್ದಾಡುತ್ತಿದ್ದದ್ದು. ನಮ್ಮಮ್ಮನಿಗೆ ಇದನ್ನ ತೋರಿಸಿ, ನಾನೂ ಆಡೋದು ಅದಕ್ಕೇ ಅಂದೆ. ಸೌಟು ತಗೊಂಡರು.

ಹೆಸರು ಬೇಡ
ಸೋಮವಾರ, ರಾತ್ರಿ 11.20

ಎರಡು ಸಲ ಬರೆದು ಅಳಿಸಿದ್ದೇನೆ. ಇದು ಮೂರನೇ ಸಲ.

ಮೇಷ್ಟ್ರೇ, ನಿಮ್ಮ ತೊಂಬತ್ತೊಂದನೇ ಮನೆಯಲ್ಲಿ ನಾನು ಹುಟ್ಟಿದ್ದು. ಅಮ್ಮನಿಂದ ಬಂದದ್ದು. ನನಗೀಗ 22. ಹಾಸನದಲ್ಲೇ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಕಾಲೇಜಿನ ಪರೀಕ್ಷೆ ಕಟ್ಟಿದ್ದೇನೆ. ದಿನಕ್ಕೆ ಒಂದು ಮಾತ್ರೆ. ಆರು ತಿಂಗಳಿಗೊಮ್ಮೆ ತೋಳಿನಿಂದ ರಕ್ತ ತಗೊಂಡು ನೋಡುತ್ತಾರೆ, ವೈರಸ್ ಲೆಕ್ಕಕ್ಕೆ ಸಿಗದಷ್ಟು ಕಮ್ಮಿ ಇದೆ. ಬುರುಡೆ ಗಿರುಡೆ ಏನೂ ಇಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಡಿಸೆಂಬರ್ ಒಂದಕ್ಕೆ ಶಾಲೆಯಲ್ಲಿ ನಾಟಕ ಮಾಡಿಸಿದರು. ಪಾತ್ರಕ್ಕೆ ಚೀಟಿ ಎತ್ತಿಸಿದರು. ನನಗೆ ಏಡ್ಸ್ ರಾಕ್ಷಸನ ಪಾತ್ರ ಬಂತು. ಕರಿ ದುಪ್ಪಟ್ಟಾ ಹೊದ್ದು, ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ವೇದಿಕೆಗೆ ಹೋದೆ. ಆರು ಜನ ಸೇರಿ ಥರ್ಮಾಕೋಲ್ ಕತ್ತಿಯಲ್ಲಿ ನನ್ನನ್ನು ಹೊಡೆದರು. ನಾನು ಬಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಹೆಡ್‌ಮಾಸ್ಟರ್ ಕೂಡ. ನನ್ನ ವಿಷಯ ಆ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರ ತಪ್ಪೂ ಅಲ್ಲ. ಮನೆಗೆ ಬಂದಾಗ ಅಮ್ಮ ಮುಖ ತೊಳೆಸುತ್ತಾ "ಯಾವ ಪಾತ್ರ ಮಾಡಿದೆ?" ಅಂದರು. ರಾಣಿ ಅಂದೆ.

ನಿಮ್ಮ ಕ್ಲಾಸಿನಲ್ಲೂ ಒಬ್ಬರು ಇರಬಹುದು. ಅಥವಾ ಒಬ್ಬರ ಅಪ್ಪ. ನಿಮಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆ ಕಪ್ಪು ಪರದೆ ತೆಗೆಯಿರಿ. ಅಲ್ಲಿಂದ ಮುಂದೆ ಮನೆಗಳನ್ನು ಹಾಕಿ.

ಮೂಡಿಗೆರೆ ಮೇಷ್ಟ್ರು
ಮಂಗಳವಾರ, ಬೆಳಗ್ಗೆ 7.10

ರಾತ್ರಿಯೇ ಓದಿದೆ. ಏನು ಬರೆಯಬೇಕು ತಿಳಿಯಲಿಲ್ಲ. ಬೆಳಗ್ಗೆ ಎದ್ದು ಮೊದಲು ಆ ಪರದೆ ಅಳಿಸಿದೆ. ಈಗ ಆಟ ತೊಂಬತ್ತೊಂದಕ್ಕೆ ಬಂದು ಸುಮ್ಮನೆ ನಿಲ್ಲುತ್ತದೆ. ಮುಂದಿನದನ್ನು ನೀವೆಲ್ಲ ಸೇರಿ ಹೇಳಿಕೊಡಬೇಕು.

ಆಪ್ತ ಸಮಾಲೋಚಕಿ, ಹಾಸನ
ಮಂಗಳವಾರ, ಮಧ್ಯಾಹ್ನ 1.45

'ಹೆಸರು ಬೇಡ', ನೀವು ಬರೆದದ್ದು ದೊಡ್ಡ ವಿಷಯ ಕಣಮ್ಮಾ.

ಕಾನೂನಿನ ಮಾತೊಂದು ಸೇರಿಸುತ್ತೇನೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕು ಇದೆ ಅಂತ ಶಾಲೆಯಿಂದ, ಕೆಲಸದಿಂದ ತೆಗೆಯುವ ಹಾಗಿಲ್ಲ. ಒಬ್ಬರ ವಿಷಯ ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವ ಹಾಗೂ ಇಲ್ಲ. ವೈರಸ್ ಹತ್ತಿಕ್ಕುವ ಎಆರ್‌ಟಿ ಔಷಧಿ ಉಚಿತವಾಗಿ ಕೊಡುವುದು 2004ರಲ್ಲೇ ಶುರುವಾಯಿತು. 2017ರಿಂದ ಸೋಂಕು ಗೊತ್ತಾದ ಕೂಡಲೇ ಎಲ್ಲರಿಗೂ ಔಷಧಿ. ತಪ್ಪದೆ ಮಾತ್ರೆ ತಗೊಂಡು ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ತಾಯಿಯಿಂದ ಮಗುವಿಗೆ ಬರುವ ಸಂಭವವೂ ಔಷಧಿ ಇಲ್ಲದಿದ್ದರೆ ನೂರಕ್ಕೆ 15ರಿಂದ 45, ಇದ್ದರೆ 5ಕ್ಕಿಂತ ಕೆಳಗೆ. ಆಟದಲ್ಲಿ ಇವೇ ನಿಮ್ಮ ಏಣಿ ಮೇಷ್ಟ್ರೇ.

ಆಲೂರು ಆಶಾ ಅಕ್ಕ
ಮಂಗಳವಾರ, ರಾತ್ರಿ 8.30

ಕೋಡ್ ಹುಡುಗ ತಮ್ಮಾ, ಎಲ್ಲವನ್ನೂ "ಮಗು ಆರಿಸಬೇಕು" ಅಂತ ಮಾಡಬೇಡಿ. ಎಷ್ಟೋ ಮಕ್ಕಳಿಗೆ ಆರಿಸುವ ಅವಕಾಶವೇ ಇರುವುದಿಲ್ಲ. ಮನೆಗೆ ಬರುವ ನೆಂಟನೇ ಕೈ ಹಾಕಿದರೆ ಅದು ಆ ಹುಡುಗಿ ತಪ್ಪು ದಾರಿ ಆರಿಸಿದ್ದಾ? ಆಟದಲ್ಲಿ ಅಂಥ ಸನ್ನಿವೇಶ ಬಂದರೆ ಅಂಕ ಕಳೆಯಬೇಡಿ. "ಇದು ನಿನ್ನ ತಪ್ಪಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು" ಅಂತ ದೊಡ್ಡ ಅಕ್ಷರದಲ್ಲಿ ಬರಲಿ.

ಫೋನಿನ ವಿಷಯ. ನಾನು ಹೋಗುವ ಎಸ್ಟೇಟ್ ಲೈನ್ ಮನೆಗಳಲ್ಲಿ ಮನೆಗೆ ಒಂದು ಫೋನ್, ಅದೂ ಅಪ್ಪನ ಜೇಬಿನಲ್ಲಿ. ಸಂಜೆ ಕೈಗೆ ಬಂದರೆ ಮೊದಲು ಅಣ್ಣನಿಗೆ, ಅವನ ಫ್ರೀ ಫೈರ್ ಮುಗಿದ ಮೇಲೆ ಚಾರ್ಜ್ ಉಳಿದಿದ್ದರೆ ತಂಗಿಗೆ. ನೆಟ್‌ವರ್ಕ್ ಬೇಕು ಅಂದರೆ ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಹೋಗಬೇಕು. ಆ ಫೋನಿನಲ್ಲಿ "ಏಡ್ಸ್ ಗೇಮ್" ಅಂತ ಒಂದು ಗುರುತು ಕಂಡರೆ ಮಗುವಿಗೆ ಏಟು ಬೀಳುತ್ತದೆ, ಬರೆದಿಟ್ಟುಕೊಳ್ಳಿ. ಹೆಸರು ಸಪ್ಪೆಯಾಗಿರಲಿ. ಮತ್ತೆ ಕಾಫಿ ಕೊಯ್ಲು ಶುರುವಾದರೆ ದೊಡ್ಡ ಮಕ್ಕಳು ಶಾಲೆಗೇ ಬರುವುದಿಲ್ಲ. ಅದಕ್ಕೆ ಮುಂಚೆ ಮುಗಿಸಿ.

ಹಾಸನದ ಕೋಡ್ ಹುಡುಗ
ಮಂಗಳವಾರ, ರಾತ್ರಿ 10.50

ಒಪ್ಪಿಕೊಂಡೆ ಅಕ್ಕ. ನಾನು ಬೆಂಗಳೂರಿನ ವೈಫೈನಲ್ಲಿ ಕೂತು ಮಾತಾಡಿದೆ.

ನೆಟ್ ಇಲ್ಲದೆ ನಡೆಯುವುದು ಕಷ್ಟವಲ್ಲ. ಟ್ವೈನ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಕವಲು ಕವಲಾಗಿ ಕಥೆ ಬರೆದರೆ ಒಂದೇ ಫೈಲ್ ಮಾಡಿಕೊಡುತ್ತದೆ. ಯಾವ ಹಳೇ ಲ್ಯಾಪ್‌ಟಾಪಿನ ಬ್ರೌಸರಿನಲ್ಲೂ ತೆರೆಯುತ್ತದೆ. ಕನ್ನಡ ಸರಾಗವಾಗಿ ಬರುತ್ತದೆ. ಕೀನ್ಯಾದ ಕಿಸುಮುವಿನಲ್ಲಿ ಟುಮೈನಿ ಅನ್ನುವ ಆಟವನ್ನು 2017ರಲ್ಲಿ 11ರಿಂದ 14 ವಯಸ್ಸಿನ 60 ಮಕ್ಕಳ ಮೇಲೆ ಪರೀಕ್ಷಿಸಿದರು. ಆಡುವ ಮಕ್ಕಳ ಕೈಗೆ ಫೋನನ್ನೂ ಅವರೇ ಕೊಟ್ಟಿದ್ದರು. ನಮ್ಮಲ್ಲಿ ಅಷ್ಟು ದುಡ್ಡಿಲ್ಲ, ಶಾಲೆಯ ಲ್ಯಾಪ್‌ಟಾಪೇ ಗತಿ. ಇಬ್ಬಿಬ್ಬರು ಗೆಳತಿಯರು, ಇಬ್ಬಿಬ್ಬರು ಗೆಳೆಯರು ಅಂತ ಕೂರಿಸಿ. ಪಕ್ಕದಲ್ಲಿರುವವರ ಜೊತೆ ಪಿಸುಗುಟ್ಟುತ್ತಾ ಆಡುವುದರಲ್ಲೇ ಅರ್ಧ ಪಾಠ ಆಗುತ್ತದೆ.

ಒಂದು ಸನ್ನಿವೇಶ ಬರೆದಿದ್ದೇನೆ, ನೋಡಿ:

ಜಾತ್ರೆ. ರಾತ್ರಿ ಒಂಬತ್ತು. ಇನ್‌ಸ್ಟಾಗ್ರಾಮಿನಲ್ಲಿ ಪರಿಚಯವಾದ ಹುಡುಗ ಬೈಕ್ ನಿಲ್ಲಿಸಿ "ಬಾ, ಒಂದು ರೌಂಡ್ ಹೋಗಿ ಬರೋಣ, ಐದು ನಿಮಿಷ" ಅನ್ನುತ್ತಾನೆ. ನೀನು ಏನನ್ನುತ್ತೀಯ?
ಒಂದು: ಸರಿ.
ಎರಡು: ಇಲ್ಲ.

ಆಲೂರು ಆಶಾ ಅಕ್ಕ
ಬುಧವಾರ, ಬೆಳಗ್ಗೆ 6.15

ತಮ್ಮಾ, ನಮ್ಮ ಕಡೆ ಹುಡುಗಿಯರು "ಇಲ್ಲ" ಅನ್ನುತ್ತಾರಾ? "ನೋಡೋಣ" ಅನ್ನುತ್ತಾರೆ. "ಅಮ್ಮ ಬೈತಾರೆ" ಅನ್ನುತ್ತಾರೆ. "ಆಮೇಲೆ" ಅನ್ನುತ್ತಾರೆ. ಹೇಳುವವಳಿಗೆ ಅದು ಇಲ್ಲ ಅಂತಲೇ. ಕೇಳುವವನಿಗೆ ಅದು ಇನ್ನೊಂದು ಸಲ ಕೇಳು ಅಂತ. ನಿಮ್ಮ ಆಟದಲ್ಲಿ ಎರಡು ಉತ್ತರ ಸಾಲದು. "ನೋಡೋಣ" ಅಂತ ಮೂರನೆಯದು ಬೇಕೇ ಬೇಕು. ಅದನ್ನು ಒತ್ತಿದರೆ ಹುಡುಗ ಮತ್ತೆ ಕೇಳಬೇಕು, ಮತ್ತೆ ಕೇಳಬೇಕು. ಮೂರನೇ ಸಲಕ್ಕೆ ಅವಳ ಬಾಯಲ್ಲಿ ಬೇರೆ ಮಾತು ಬರಬೇಕು.

ಗಂಡು ಮಕ್ಕಳಿಗೂ ಅದೇ ಸನ್ನಿವೇಶ ಬೈಕಿನ ಮೇಲೆ ಕೂತವನ ಕಡೆಯಿಂದ ಇರಲಿ. "ನೋಡೋಣ" ಅಂದಾಗ ಅವನು ಏನು ಮಾಡಬೇಕು ಅಂತ ಅವನೂ ಕಲಿಯಲಿ.

ಹಾಸನದ ಕೋಡ್ ಹುಡುಗ
ಬುಧವಾರ, ಬೆಳಗ್ಗೆ 9.00

ಅಕ್ಕ, ಇದನ್ನ ಯಾವ ಯೂನಿವರ್ಸಿಟಿಯಲ್ಲೂ ನನಗೆ ಹೇಳಿಕೊಡುತ್ತಿರಲಿಲ್ಲ. ಇವತ್ತೇ ಬದಲಾಯಿಸುತ್ತೇನೆ.

ಕಡೂರು ಅಪ್ಪ
ಬುಧವಾರ, ರಾತ್ರಿ 9.25

ಬೈಕಿನ ಭಾಗ ಓದಿದೆ. ನನ್ನ ಮಗಳಿಗೂ "ನೋಡೋಣ" ಅನ್ನುವುದೇ ಅಭ್ಯಾಸ, ನಾವೇ ಕಲಿಸಿದ್ದು. ದೊಡ್ಡವರಿಗೆ ಮುಖಕ್ಕೆ ಹೊಡೆದಂತೆ ಮಾತಾಡಬಾರದು ಅಂತ.

ಆದರೂ ಒಂದು ಷರತ್ತು. ಮಕ್ಕಳಿಗೆ ಆಡಿಸುವ ಮೊದಲು ಪೋಷಕರ ಸಭೆಯಲ್ಲಿ ನಮಗೆ ಆಡಿಸಿ. ಕದ್ದು ಮುಚ್ಚಿ ಬೇಡ. ಎಂಟನೇ ಕ್ಲಾಸಿಗೆ ಏನು, ಹತ್ತಕ್ಕೆ ಏನು ಅಂತ ಬೇರೆ ಬೇರೆ ಮಾಡಿ. ಮತ್ತೆ ಇದರಿಂದ ನಿಜವಾಗಿ ಉಪಯೋಗ ಆಗುತ್ತೆ ಅನ್ನುವುದಕ್ಕೆ ಪುರಾವೆ ಏನು?

ಹಾಸನದ ಕೋಡ್ ಹುಡುಗ
ಬುಧವಾರ, ರಾತ್ರಿ 10.10

ನೇರವಾಗಿ ಹೇಳುತ್ತೇನೆ ಸರ್. ಯೇಲ್‌ನವರು 11ರಿಂದ 14 ವಯಸ್ಸಿನ 333 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದರು. ಫಲಿತಾಂಶ 2017ರಲ್ಲಿ ಬಂತು. ಆಟ ಆಡಿದವರಿಗೆ ತಿಳಿವಳಿಕೆ ಜಾಸ್ತಿಯಾಗಿತ್ತು, ಧೋರಣೆಯೂ ಸುಧಾರಿಸಿತ್ತು. ಲೈಂಗಿಕ ಸಂಪರ್ಕ ಶುರು ಮಾಡುವ ವಿಷಯದಲ್ಲಿ ಮಾತ್ರ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ನಿಮ್ಮ ಭಯವೂ ನಿಜವಾಗಲಿಲ್ಲ, ಆಟ ಆಡಿ ಮಕ್ಕಳು ಕೆಡಲಿಲ್ಲ. ಆಟವೊಂದೇ ಎಲ್ಲ ಸರಿ ಮಾಡುತ್ತದೆ ಅನ್ನುವುದೂ ನಿಜವಾಗಲಿಲ್ಲ.

ಮೂಡಿಗೆರೆ ಮೇಷ್ಟ್ರು
ಮೂರು ವಾರದ ನಂತರ, ಶನಿವಾರ, ಸಂಜೆ 6.30

ವರದಿ ಒಪ್ಪಿಸುತ್ತಿದ್ದೇನೆ.

ಪೋಷಕರ ಸಭೆಗೆ ಹತ್ತೊಂಬತ್ತು ಜನ ಬಂದರು. ಲ್ಯಾಪ್‌ಟಾಪ್ ಮುಂದೆ ಇಟ್ಟೆ. ಮೊದಲು ಯಾರೂ ಮುಟ್ಟಲಿಲ್ಲ. ಒಬ್ಬ ತಾಯಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು "ನೋಡೋಣ" ಒತ್ತಿದರು. ಹುಡುಗ ಮತ್ತೆ ಕೇಳಿದ. ಮತ್ತೆ ಅದನ್ನೇ ಒತ್ತಿದರು. ಮೂರನೇ ಸಲ "ಅಯ್ಯೋ, ಇವನೇನು ಜಿಗಣೆ ಅಂಟಿಕೊಂಡಂಗೆ ಅಂಟಿಕೊಂಡ, ಹೋಗೋ ಅನ್ನೋಕೆ ಎಲ್ಲಿ ಒತ್ತಬೇಕು ಮೇಷ್ಟ್ರೇ?" ಅಂದರು. ಎಲ್ಲರೂ ನಕ್ಕರು. ಆಮೇಲೆ ಕಷ್ಟವಾಗಲಿಲ್ಲ. ಇಬ್ಬರು ಅಪ್ಪಂದಿರು ಎದ್ದು ಹೋದರು, ಅದನ್ನೂ ಹೇಳಬೇಕು. ಅವರ ಮಕ್ಕಳನ್ನು ಸೇರಿಸಿಕೊಂಡಿಲ್ಲ.

ಆಟಕ್ಕೆ "ಸಂತೆ ದಾರಿ" ಅಂತ ಹೆಸರಿಟ್ಟಿದ್ದೇವೆ. ಸಪ್ಪೆ ಇದೆ ಅಲ್ವಾ ಅಕ್ಕ? ಎಂಟನೇ ಕ್ಲಾಸಿಗೆ ಸೊಳ್ಳೆ, ಸೂಜಿ, ಬೈಕು, ಬೇಡದ ಸ್ಪರ್ಶ ಇಷ್ಟೇ. ಕಾಂಡಮ್ ಹತ್ತನೆಯವರಿಗೆ. ಆಡಿಸುವ ಮೊದಲು ಹತ್ತು ಪ್ರಶ್ನೆ, ಆಡಿಸಿದ ಮೇಲೆ ಅವೇ ಹತ್ತು. ಮೂರು ತಿಂಗಳು ಬಿಟ್ಟು ಮತ್ತೆ ಕೇಳುತ್ತೇನೆ. ಹತ್ತನೇ ಪ್ರಶ್ನೆ, "ಸೋಂಕು ಇರುವ ಸಹಪಾಠಿಯ ಪಕ್ಕ ಕೂತು ಬಿಸಿಯೂಟ ಮಾಡುತ್ತೀಯಾ?" ಮೊದಲ ಸಲ ಮೂವತ್ತೊಂದು ಮಕ್ಕಳಲ್ಲಿ ಹೌದು ಅಂದದ್ದು ಹನ್ನೆರಡು. ಆಡಿದ ಮೇಲೆ ಇಪ್ಪತ್ತಾರು. ಮೇಷ್ಟ್ರಿಗೆ ಖುಷಿಯಾಗಲಿ ಅಂತ ಬರೆದವರೂ ಇರುತ್ತಾರೆ, ನನಗೆ ಗೊತ್ತು. ಸಮಾಲೋಚಕಿ ಮೇಡಂ ಹೇಳಿದ ಹಾಗೆ ಮೂಡಿಗೆರೆ ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನಲ್ಲಿ ಕೇಳಿದೆ, ಮುಂದಿನ ಗುರುವಾರ ಒಬ್ಬರು ಬಂದು ಮಕ್ಕಳ ಜೊತೆ ಕೂರುತ್ತಾರೆ. ಚೀಟಿ ಡಬ್ಬ ಹಾಗೇ ಇದೆ.

ತೊಂಬತ್ತೊಂದನೇ ಮನೆ ಈಗ ಕಥೆಯಲ್ಲಿ ಒಬ್ಬಳು ಅಕ್ಕ. ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ದಿನಾ ರಾತ್ರಿ ಊಟವಾದ ಮೇಲೆ ಮಾತ್ರೆ ತಗೊಳ್ಳುತ್ತಾಳೆ. ಆಟ ಆಡುವವರು ಅವಳ ಜೊತೆ ಕೂತು ಮಾತಾಡಬಹುದು, ಏನು ಬೇಕಾದರೂ ಕೇಳಬಹುದು. 'ಹೆಸರು ಬೇಡ' ಅವರೇ, ಫೈಲ್ ಹಾಕಿದ್ದೇನೆ. ನೀವು ನೋಡಿ ಸರಿ ಅನ್ನದೆ ಮುಂದಿನ ಶಾಲೆಗೆ ಕೊಡುವುದಿಲ್ಲ.

ಹೆಸರು ಬೇಡ
ಶನಿವಾರ, ರಾತ್ರಿ 9.20

ಆಡಿದೆ. ಎರಡು ಸಲ.

ಒಂದು ಕಡೆ ತಿದ್ದಿ. ಊಟವಾದ ಮೇಲೆ ಅಂತ ಬರೆದಿದ್ದೀರಿ. ನಾನು ಊಟಕ್ಕೂ ಮುಂಚೆ, ಸರಿಯಾಗಿ ಒಂಬತ್ತಕ್ಕೆ ತಗೊಳ್ಳುತ್ತೇನೆ. ಅಮ್ಮ ಧಾರಾವಾಹಿ ಹಚ್ಚುವ ಹೊತ್ತು ಅದು. ಟೀವಿ ಸದ್ದು ಕೇಳಿದರೆ ಕೈ ತಾನಾಗೇ ಡಬ್ಬಿಗೆ ಹೋಗುತ್ತದೆ. ಅದನ್ನ ಹಾಕಿ.